ಮುರಿದ ನಂಬಿಕೆಯನ್ನು ಮತ್ತೆ ಕಟ್ಟುವುದು: ಕೆಲಸದ ಸಂಬಂಧಗಳಿಗೆ ಒಂದು ಮಾರ್ಗದರ್ಶಿ

ಜೊತೆಗೆ ಕೆಲಸ ಮಾಡುವ ಇಬ್ಬರ ನಡುವೆ ನಂಬಿಕೆ ಸಡಿಲವಾಗಿದ್ದರೆ, ಜಗಳವಾಗುವ ಎಷ್ಟೋ ಮೊದಲೇ ಗುರುತುಗಳು ಕಾಣಿಸುತ್ತವೆ. ಎರಡು ಸಾಲಿನ ಇಮೇಲ್‌ಗೂ ಮೇಲಧಿಕಾರಿಗೊಂದು ಪ್ರತಿ ಹೋಗುತ್ತದೆ. ಬಾಯಿಮಾತಿನಲ್ಲಿ ಮುಗಿಯುತ್ತಿದ್ದ ವಿಷಯಕ್ಕೆ ‘ಒಂದ್ಸಲ ಬರೆದು ಕಳಿಸಿಬಿಡಿ’ ಎಂಬ ಮಾತು ಬರುತ್ತದೆ. ಒಬ್ಬರು ಕೂಡಿದ ಲೆಕ್ಕವನ್ನು ಇನ್ನೊಬ್ಬರು ಸದ್ದಿಲ್ಲದೆ ಮತ್ತೆ ಕೂಡಿ ನೋಡುತ್ತಾರೆ. ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಅಸಲು ಮಾತು ಸಭೆ ಮುಗಿದ ಮೇಲೆ ಇಬ್ಬಿಬ್ಬರಾಗಿ ನಿಂತಾಗ ಶುರುವಾಗುತ್ತದೆ. ಇವೆಲ್ಲ ಸಮಯ ತಿನ್ನುವ ಕೆಲಸಗಳು. ನಂಬಿಕೆ ಇದ್ದಲ್ಲಿ ಇವು ಬೇಕಾಗುವುದೇ ಇಲ್ಲ.

ಇಂಥ ಗುರುತುಗಳು ನಿಮ್ಮ ಕೆಲಸದಲ್ಲಿ ಕಂಡಿದ್ದರೆ, ಮೊದಲು ಒಂದು ಆಸೆಯನ್ನು ಬಿಡಬೇಕು: ಒಂದು ದಿನ ಕೂತು ಮನಬಿಚ್ಚಿ ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ. ಮಾತು ಬೇಕು, ಆದರೆ ನಂಬಿಕೆ ಎನ್ನುವುದು ಎದುರಿನವರ ಮನಸ್ಸಿನಲ್ಲಿ ನಡೆಯುವ ಒಂದು ಅಂದಾಜು. ‘ಇವರು ಮುಂದಿನ ಸಲ ಏನು ಮಾಡಬಹುದು?’ ಎಂಬ ಅಂದಾಜು. ಹಿಂದೆ ನಡೆದದ್ದನ್ನು ನೋಡಿ ಅವರು ಅದನ್ನು ಕಟ್ಟಿಕೊಂಡಿರುತ್ತಾರೆ. ಅದು ಬದಲಾಗಬೇಕಾದರೆ ಅವರ ಕಣ್ಣಿಗೆ ಹೊಸ ಪುರಾವೆ ಬೀಳುತ್ತಾ ಹೋಗಬೇಕು.

ಯಾವ ಎಳೆ ಸವೆದಿದೆ?

1995ರಲ್ಲಿ ರೋಜರ್ ಮೇಯರ್, ಜೇಮ್ಸ್ ಡೇವಿಸ್ ಮತ್ತು ಡೇವಿಡ್ ಸ್ಕೂರ್ಮನ್ ಎಂಬ ಸಂಶೋಧಕರು ಸಂಸ್ಥೆಗಳೊಳಗಿನ ನಂಬಿಕೆಯನ್ನು ಬಿಡಿಸಿ ನೋಡಲು ಒಂದು ಚೌಕಟ್ಟು ಕೊಟ್ಟರು. ಅವರ ಪ್ರಕಾರ ನಂಬುವುದೆಂದರೆ, ಎದುರಿನವರ ಮೇಲೆ ಕಣ್ಣಿಡಲು ಆಗದಿದ್ದಾಗಲೂ, ಅವರ ನಡೆಯಿಂದ ತನಗೆ ಪೆಟ್ಟು ಬೀಳಬಹುದಾದ ಜಾಗದಲ್ಲಿ ತಾನಾಗಿ ನಿಲ್ಲಲು ಒಪ್ಪುವುದು. ಹಾಗೆ ಒಪ್ಪಲು ಜನ ಮೂರು ಸಂಗತಿ ನೋಡುತ್ತಾರೆ. ಈ ಕೆಲಸ ಇವರ ಕೈಲಾಗುತ್ತದೆಯೇ? ಇದು ಸಾಮರ್ಥ್ಯ. ನನ್ನ ಒಳಿತೂ ಇವರ ಲೆಕ್ಕದಲ್ಲಿ ಇದೆಯೇ? ಇದು ಹಿತಚಿಂತನೆ. ಆಡಿದ ಮಾತಿಗೂ ಮಾಡುವ ಕೆಲಸಕ್ಕೂ ತಾಳೆಯಾಗುತ್ತದೆಯೇ? ಇದು ಪ್ರಾಮಾಣಿಕತೆ.

ಈ ಮೂರನ್ನು ಬೇರೆ ಬೇರೆ ಹಿಡಿಯುವುದೇ ಮುಂದಿನ ಎಲ್ಲ ಹಂತಗಳಿಗೆ ಬುನಾದಿ. ‘ನನಗೆ ಅವರ ಮೇಲೆ ನಂಬಿಕೆಯಿಲ್ಲ’ ಎಂಬ ಮಾತಿನಿಂದ ಯಾರಿಗೂ ಏನೂ ಮಾಡಲು ಬರುವುದಿಲ್ಲ. ‘ಅವರ ಲೆಕ್ಕ ತಪ್ಪುತ್ತದೆ’, ‘ಇಕ್ಕಟ್ಟಿನಲ್ಲಿ ನನ್ನನ್ನು ಬಿಟ್ಟುಕೊಡುತ್ತಾರೆ’, ‘ನನಗೊಂದು ಹೇಳಿ ಅಲ್ಲೊಂದು ಹೇಳುತ್ತಾರೆ’ ಎಂಬ ಮೂರು ದೂರುಗಳಿಗೆ ಮೂರು ಬೇರೆ ಮದ್ದು ಇವೆ. ಹಿತಚಿಂತನೆಯ ಮೇಲೆ ಅನುಮಾನ ಹುಟ್ಟಿರುವ ಕಡೆ ಇನ್ನಷ್ಟು ಚುರುಕಾಗಿ ಕೆಲಸ ಮಾಡಿ ತೋರಿಸಿದರೆ, ‘ಹೇಗೆ ಮಿಂಚುತ್ತಿದ್ದಾರೆ ನೋಡಿ’ ಎಂಬ ಅನುಮಾನವೇ ಬಲಿಯುತ್ತದೆ. ಬಹಳಷ್ಟು ಪ್ರಾಮಾಣಿಕ ಪ್ರಯತ್ನಗಳು ಕೈಕೊಡುವುದು ಹೀಗೆ, ಒಂದು ಎಳೆ ಸವೆದಿದ್ದರೆ ಇನ್ನೊಂದಕ್ಕೆ ಗಂಟು ಹಾಕುವುದರಿಂದ.

ಕಟ್ಟುವ ಕೆಲಸ: ಕೊಡುವ ಮಾತಿನಿಂದ ಶುರು

ದಿನನಿತ್ಯದ ಕೆಲಸದಲ್ಲಿ ನಂಬಿಕೆ ಹೆಚ್ಚಾಗಿ ಸೋರಿಹೋಗುವ ತೂತು ಒಂದೇ, ಅರೆಬರೆ ಮಾತು. ‘ನೋಡ್ತೀನಿ’, ‘ಆದಷ್ಟು ಬೇಗ’, ‘ಈ ವಾರದಲ್ಲಿ ಮಾಡೋಣ’. ಹೇಳಿದವರ ತಲೆಯಲ್ಲಿ ಇದು ಬರಿಯ ಸೌಜನ್ಯ, ಕೇಳಿಸಿಕೊಂಡವರ ತಲೆಯಲ್ಲಿ ಕೊಟ್ಟ ಮಾತು. ವಾರ ಕಳೆದಾಗ ಒಬ್ಬರು ಮಾತು ತಪ್ಪಿದವರಾಗುತ್ತಾರೆ, ಅದು ಅವರಿಗೇ ಗೊತ್ತಿರುವುದಿಲ್ಲ.

ಆದ್ದರಿಂದ ಮಾತು ಕೊಡುವಾಗ ನಾಲ್ಕು ಭಾಗ ಇರಲಿ. ಏನು ಕೊಡುತ್ತೀರಿ, ಯಾವ ದಿನ ಎಷ್ಟು ಗಂಟೆಗೆ, ಯಾವ ಮಟ್ಟದ್ದು (ಕರಡೋ, ಅಂತಿಮವೋ), ಮತ್ತು ಅದು ಯಾವುದರ ಮೇಲೆ ನಿಂತಿದೆ. ಉದಾಹರಣೆಗೆ: ‘ವರದಿಯ ಕರಡನ್ನು ಗುರುವಾರ ಸಂಜೆ 4ಕ್ಕೆ ಕಳಿಸುತ್ತೇನೆ. ಅಂಕಿಗಳು ಸರಿಯಾಗಿರುತ್ತವೆ, ಭಾಷೆ ತಿದ್ದಿರುವುದಿಲ್ಲ. ಮಾರಾಟ ವಿಭಾಗದ ಲೆಕ್ಕ ಬುಧವಾರ ಮಧ್ಯಾಹ್ನದೊಳಗೆ ನನ್ನ ಕೈಸೇರಬೇಕು.’ ಇದನ್ನು ಹೇಳಲು ಹದಿನೈದು ಸೆಕೆಂಡು ಸಾಕು. ನಾಲ್ಕನೆಯ ಭಾಗವನ್ನು ಜನ ಬಿಟ್ಟುಬಿಡುತ್ತಾರೆ. ಕೆಲಸ ತಡವಾದ ಮೇಲೆ ಅದನ್ನು ಹೇಳಿದರೆ ಸಬೂಬಿನಂತೆ ಕೇಳಿಸುತ್ತದೆ, ಮೊದಲೇ ಹೇಳಿದ್ದರೆ ಮಾಹಿತಿಯಾಗುತ್ತಿತ್ತು.

ದಿನಾಂಕ ಕೊಡುವಾಗ ನಿಮ್ಮ ಮನಸ್ಸನ್ನು ಕೇಳಬೇಡಿ, ನಿಮ್ಮ ಹಳೆಯ ಕೆಲಸವನ್ನು ಕೇಳಿ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಎಂದು ಕೇಳಿದಾಗ ಬಂದ ಸರಾಸರಿ ಉತ್ತರ 33.9 ದಿನ, ನಿಜಕ್ಕೂ ಹಿಡಿದದ್ದು 55.5 ದಿನ. ಅಂದಾಜು ಮಾಡುವಾಗ ಮುಂದಿರುವ ಕೆಲಸದ ದಾರಿಯನ್ನಷ್ಟೇ ಕಲ್ಪಿಸಿಕೊಳ್ಳುತ್ತೇವೆ, ಹಿಂದೆ ಬಂದ ಅಡ್ಡಿಗಳನ್ನು ‘ಅದು ಆಗಿನ ಕಥೆ’ ಎಂದು ಬದಿಗಿಡುತ್ತೇವೆ. ಇದೇ ಬಗೆಯ ಕೊನೆಯ ಮೂರು ಕೆಲಸಗಳಿಗೆ ಎಷ್ಟು ದಿನ ಹಿಡಿಯಿತೆಂದು ತೆಗೆದು ನೋಡಿ, ಅವುಗಳಲ್ಲಿ ಹೆಚ್ಚು ದಿನ ತೆಗೆದುಕೊಂಡದ್ದನ್ನು ಹಿಡಿದು ಮಾತು ಕೊಡಿ. ಇದು ಹೆಚ್ಚಾಯಿತು ಎನ್ನಿಸಿದರೆ ಎದುರಿನವರೇ ಹೇಳುತ್ತಾರೆ, ಆಗ ಕೆಲಸವನ್ನು ಕಿರಿದು ಮಾಡುವ ಮಾತುಕತೆಗೆ ದಾರಿಯಾಗುತ್ತದೆ.

ಕೊಟ್ಟ ಮಾತುಗಳನ್ನೆಲ್ಲ ಒಂದೇ ಕಡೆ ಬರೆದಿಡಿ. ಪುಸ್ತಕವೋ ಫೋನೋ ಯಾವುದಾದರೂ ಸರಿ, ಎರಡು ಕಡೆ ಮಾತ್ರ ಬೇಡ. ಯಾರಿಗೆ, ಏನು, ಯಾವಾಗ ಎಂಬ ಮೂರು ಅಂಕಣ ಸಾಕು. ವಾರದ ಕೊನೆಯ ದಿನ ಹದಿನೈದು ನಿಮಿಷ ಕೂತು ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ: ಮುಗಿಯಿತು, ಹೊಸ ದಿನಾಂಕ ಕೇಳಿ ಒಪ್ಪಿಸಿದೆ, ಅಥವಾ ಹೇಳದೆ ತಪ್ಪಿಸಿದೆ. ಲೆಕ್ಕಕ್ಕೆ ಬರುವುದು ಮೂರನೆಯ ಗುರುತು. ವಾರಕ್ಕೆ ಎರಡಕ್ಕಿಂತ ಹೆಚ್ಚು ಬೀಳುತ್ತಿದ್ದರೆ ನೀವು ಕೈಮೀರಿ ಮಾತು ಕೊಡುತ್ತಿದ್ದೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ದಿನಾಂಕಗಳಿಗೂ ಸಲ್ಲುವ ಮಾತು. ಇಲ್ಲಿ ಇನ್ನಷ್ಟು ದುಡಿಯುವುದು ಪರಿಹಾರ ಅಲ್ಲ, ಮುಂದಿನ ವಾರ ಕೊಡುವ ಮಾತುಗಳನ್ನು ಮೂರನೇ ಒಂದರಷ್ಟು ಇಳಿಸುವುದು ಪರಿಹಾರ.

ತಡವಾಗುವುದನ್ನು ಯಾವಾಗ ಹೇಳಬೇಕು? ತಡವಾಗಬಹುದೆಂಬ ಅನುಮಾನ ಬಂದ ದಿನವೇ. ಖಚಿತವಾಗಲಿ ಎಂದು ಕಾದರೆ ಎದುರಿನವರಿಗೆ ಬೇರೆ ದಾರಿ ಹುಡುಕುವ ಸಮಯ ಉಳಿಯುವುದಿಲ್ಲ, ಅವರಿಗೆ ಹೆಚ್ಚು ಸಿಟ್ಟು ತರಿಸುವುದು ಅದೇ. ರೂಢಿಗೆ ಒಂದು ನಿಯಮ ಇಟ್ಟುಕೊಳ್ಳಿ: ಕೊಟ್ಟ ಅವಧಿಯಲ್ಲಿ ಅರ್ಧ ಕಳೆದ ದಿನ ನಿಂತು ನೋಡುವುದು. ಕೆಲಸವೂ ಹೆಚ್ಚುಕಡಿಮೆ ಅರ್ಧ ಆಗಿರದಿದ್ದರೆ ಅಂದೇ ಮೂರು ವಾಕ್ಯ ಕಳಿಸುವುದು. ಎಲ್ಲಿದೆ, ಹೊಸ ದಿನಾಂಕ ಯಾವುದು, ನಡುವೆ ಅವರಿಗೆ ಏನು ಕೊಡಬಲ್ಲಿರಿ. ಕಾರಣ ಕೇಳಿದರೆ ಹೇಳಿ, ಕಾರಣದಿಂದ ಮಾತ್ರ ಶುರು ಮಾಡಬೇಡಿ.

ಇಷ್ಟೆಲ್ಲ ಸಾಮರ್ಥ್ಯ ಮತ್ತು ಪ್ರಾಮಾಣಿಕತೆಯ ಪುರಾವೆ. ಹಿತಚಿಂತನೆಯ ಪುರಾವೆ ಬೇರೆ ಕಡೆ ಸಿಗುತ್ತದೆ, ನಿಮಗೆ ಲಾಭವಿಲ್ಲದ ಜಾಗದಲ್ಲಿ. ಎದುರಿಗಿಲ್ಲದವರ ಬಗ್ಗೆ ನೀವು ಹೇಗೆ ಮಾತಾಡುತ್ತೀರೆಂದು ಎದುರಿಗಿರುವವರು ಗಮನಿಸುತ್ತಾರೆ, ‘ನಾನಿಲ್ಲದಾಗ ನನ್ನ ಬಗ್ಗೆಯೂ ಹೀಗೆಯೇ’ ಎಂದು ಲೆಕ್ಕ ಹಾಕುತ್ತಾರೆ. ಮೆಚ್ಚುಗೆ ಬಂದಾಗ ಕೆಲಸ ಮಾಡಿದವರ ಹೆಸರನ್ನು, ಅವರು ಮಾಡಿದ ನಿಖರ ಭಾಗದೊಂದಿಗೆ, ತೀರ್ಮಾನ ಕೈಗೊಳ್ಳುವವರ ಎದುರೇ ಹೇಳಿ. ‘ಎಲ್ಲರ ಶ್ರಮ’ ಎಂಬ ಮಾತು ಯಾರಿಗೂ ತಲುಪುವುದಿಲ್ಲ. ಇನ್ನೊಂದು ಹಳೆಯ, ಬೆಲೆಯುಳ್ಳ ರೂಢಿ: ಅವರಿಗೆ ತೊಂದರೆ ಕೊಡಬಹುದಾದ ಸುದ್ದಿ ನಿಮ್ಮ ಕಿವಿಗೆ ಬಿದ್ದರೆ, ಅದು ಗುಟ್ಟಾಗಿ ನಿಮಗೊಪ್ಪಿಸಿದ್ದಲ್ಲದಿದ್ದರೆ, ಅವರಿಗೆ ಮೊದಲೇ ತಿಳಿಸುವುದು.

ತಪ್ಪು ಹೇಳಿಕೊಳ್ಳಬಹುದಾದ ಜಾಗ

ತಂಡ ನಡೆಸುವವರು ಇಲ್ಲಿ ತುಸು ನಿಲ್ಲಬೇಕು. ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ದಾಖಲಾದ ತಪ್ಪುಗಳ ಸಂಖ್ಯೆ ಹೆಚ್ಚಿತ್ತು. ಆ ತಂಡಗಳು ಹೆಚ್ಚು ಎಡವುತ್ತಿದ್ದವು ಎಂಬುದಕ್ಕಿಂತ, ತಪ್ಪನ್ನು ಬಾಯಿಬಿಟ್ಟು ಹೇಳಲು ಅಲ್ಲಿ ಹೆದರಿಕೆ ಇರಲಿಲ್ಲ ಎಂಬುದು ಅವರು ಕಂಡುಕೊಂಡ ವಿವರಣೆ. ಹಾಗಾಗಿ ‘ನಮ್ಮಲ್ಲಿ ತಪ್ಪೇ ಆಗುವುದಿಲ್ಲ’ ಎನ್ನುವ ವರದಿ ಕೈಗೆ ಬಂದರೆ ಸಮಾಧಾನಪಡುವ ಮುನ್ನ ಯೋಚಿಸಬೇಕು.

ವಿಮಾನಯಾನದಲ್ಲಿ ಇದನ್ನು ನಿಯಮವಾಗಿಯೇ ಕಟ್ಟಿದ್ದಾರೆ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ಸುರಕ್ಷತಾ ವರದಿ ವ್ಯವಸ್ಥೆಗೆ ಪೈಲಟ್‌ಗಳು ತಮ್ಮ ತಪ್ಪನ್ನು ತಾವೇ ಬರೆದು ಕಳಿಸುತ್ತಾರೆ. ವರದಿಯಿಂದ ಅವರ ಗುರುತನ್ನು ತೆಗೆದುಹಾಕಲಾಗುತ್ತದೆ. ಉದ್ದೇಶವಿಲ್ಲದೆ ಆದ, ಅಪರಾಧವಲ್ಲದ ತಪ್ಪನ್ನು 10 ದಿನದೊಳಗೆ ವರದಿ ಮಾಡಿದ್ದರೆ, ನಿಗದಿತ ಷರತ್ತುಗಳಿಗೆ ಒಳಪಟ್ಟು ದಂಡನೆಯಿಂದ ರಕ್ಷಣೆ ಸಿಗುತ್ತದೆ. ಇದನ್ನು ವಿಮಾನಗಳ ನಿಯಂತ್ರಣ ಪ್ರಾಧಿಕಾರದ ಕೈಗೆ ಕೊಡದೆ ನಾಸಾಗೆ ಒಪ್ಪಿಸಿರುವುದರಲ್ಲೇ ಜಾಣತನವಿದೆ: ತಪ್ಪೊಪ್ಪಿಗೆ ಕೇಳಿಸಿಕೊಳ್ಳುವವರೂ ಶಿಕ್ಷೆ ಕೊಡುವವರೂ ಒಬ್ಬರೇ ಆಗಿಲ್ಲ.

ಸಣ್ಣ ತಂಡದಲ್ಲಿ ಇದರ ರೂಪ ಹೀಗಿರಬಹುದು. ಯಾರಾದರೂ ತಾವಾಗಿ ತಪ್ಪು ಹೇಳಿಕೊಂಡಾಗ ಮುಖ್ಯಸ್ಥರ ಮೊದಲ ವಾಕ್ಯ ‘ಬೇಗ ಹೇಳಿದ್ದು ಒಳ್ಳೆಯದಾಯಿತು’ ಎಂದಿರಲಿ, ಎರಡನೆಯದು ‘ಈಗ ಹಾನಿ ತಡೆಯಲು ಏನು ಬೇಕು?’ ಎಂದಿರಲಿ. ‘ಯಾಕಾಯಿತು’ ಎಂಬ ಪ್ರಶ್ನೆ ಮರುದಿನಕ್ಕೆ. ಮೊದಲ ಹತ್ತು ಸೆಕೆಂಡಿನಲ್ಲಿ ಮುಖ ಗಂಟಿಕ್ಕಿದರೆ ಆ ತಂಡದಲ್ಲಿ ಮುಂದಿನ ತಪ್ಪುಗಳಿಗೆ ತಿಪ್ಪೆ ಸಾರಿಸುವ ಕೆಲಸ ಶುರುವಾಗುತ್ತದೆ.

ಮುರಿದ ಮೇಲೆ: ಮೊದಲ 24 ಗಂಟೆ

ಮೊದಲು ಹಾನಿ ನಿಲ್ಲಿಸಿ. ತಪ್ಪು ಲೆಕ್ಕ ಗ್ರಾಹಕರ ಕೈಗೆ ಹೋಗಿದ್ದರೆ ವಾಪಸು ತರಿಸಿ, ಹೊರಗೆ ಬಿದ್ದ ಗುಟ್ಟು ಇನ್ನೂ ಮುಂದೆ ಹೋಗದಂತೆ ನೋಡಿ. ಮನೆಗೆ ಬೆಂಕಿ ಬಿದ್ದಿರುವಾಗ ಕ್ಷಮೆ ಕೇಳುತ್ತಾ ನಿಂತರೆ ಅದು ನಿಮ್ಮ ಮನಸ್ಸಿನ ಸಮಾಧಾನಕ್ಕೆ ಮಾಡಿದಂತೆ ಕಾಣುತ್ತದೆ.

ಬಳಿಕ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಣ್ಣಿಗೆ ಕಂಡದ್ದು ಮಾತ್ರ: ‘ಸೋಮವಾರದ ಸಭೆಯಲ್ಲಿ ನನ್ನ ಅಂಕಿಗಳನ್ನು ತನ್ನದೆಂದು ತೋರಿಸಿದರು.’ ಬಲಕ್ಕೆ ನೀವು ಕೊಟ್ಟ ಅರ್ಥ: ‘ನನ್ನನ್ನು ಬದಿಗೆ ತಳ್ಳಬೇಕೆಂದಿದ್ದಾರೆ.’ ಬಲಗಡೆಯ ಪ್ರತಿ ಸಾಲಿಗೂ ಬೇರೊಂದು ಕಾರಣ ಇರಬಹುದೇ ಎಂದು ಕನಿಷ್ಠ ಒಂದನ್ನು ಬರೆಯಿರಿ. ಎದುರಿನವರು ಎಡವಿದರೆ ಅವರ ಸ್ವಭಾವವನ್ನು, ನಾವು ಎಡವಿದರೆ ಸಂದರ್ಭವನ್ನು ದೂರುವುದು ಮನುಷ್ಯರ ಸಹಜ ಒಲವು. ಎದುರಿನವರ ಸಂದರ್ಭವನ್ನು ಮರೆತು ಎಲ್ಲವನ್ನೂ ಸ್ವಭಾವದ ತಲೆಗೆ ಕಟ್ಟುವ ಈ ತಪ್ಪಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಹೆಸರನ್ನೇ ಕೊಟ್ಟರು. ಹಾಳೆ ಈ ಒಲವನ್ನು ಅಳಿಸುವುದಿಲ್ಲ, ಬಲಗಡೆಯದನ್ನು ಎಡಗಡೆಯದೆಂದುಕೊಂಡು ಮಾತಿಗೆ ಕೂರುವುದನ್ನು ತಪ್ಪಿಸುತ್ತದೆ. ಈ ಕೆಲಸ ಇಬ್ಬರಿಗೂ ಇದೆ, ಪೆಟ್ಟು ತಿಂದವರಿಗೂ ಕೊಟ್ಟವರಿಗೂ.

ಕೊನೆಗೆ ಮೂರು ಎಳೆಗಳಲ್ಲಿ ಯಾವುದು ಹರಿಯಿತೆಂದು ಗುರುತಿಸಿ. ಸಾಮರ್ಥ್ಯದ ತಪ್ಪೂ ಪ್ರಾಮಾಣಿಕತೆಯ ತಪ್ಪೂ ಒಂದೇ ತೂಕದವಲ್ಲ. ಒಂದು ಸಲ ಲೆಕ್ಕ ತಪ್ಪಿಸಿದವರು ಮುಂದೆ ಸರಿಯಾಗಿ ಮಾಡಿದರೆ ಜನ ಅದನ್ನು ಒಪ್ಪಿಕೊಳ್ಳುತ್ತಾರೆ, ಸಮರ್ಥರೂ ಒಮ್ಮೊಮ್ಮೆ ಎಡವುತ್ತಾರೆಂದು ಎಲ್ಲರಿಗೂ ಗೊತ್ತು. ಒಂದು ಸಲ ಸುಳ್ಳು ಹೇಳಿದವರು ನೂರು ಸಲ ನಿಜ ಹೇಳಿದರೂ ಅದು ತೂಗುವುದಿಲ್ಲ, ಏಕೆಂದರೆ ಸುಳ್ಳು ಹೇಳುವವರೂ ಬಹಳಷ್ಟು ಸಲ ನಿಜವನ್ನೇ ಹೇಳುತ್ತಾರೆ. ಪೀಟರ್ ಕಿಮ್ ಮತ್ತು ಸಂಗಡಿಗರ 2004ರ ಪ್ರಯೋಗಗಳು ಈ ವ್ಯತ್ಯಾಸವನ್ನು ತೋರಿಸಿದವು. ಸಾಮರ್ಥ್ಯದ ತಪ್ಪಿನಲ್ಲಿ ಕ್ಷಮೆ ಕೆಲಸ ಮಾಡಿತು. ಅಪ್ರಾಮಾಣಿಕತೆಯ ಆರೋಪದಲ್ಲಿ ಕ್ಷಮೆಯು ಆರೋಪಕ್ಕೆ ಸಾಕ್ಷಿಯಾಗಿ ಕೂತಿತು, ಅಲ್ಲಿ ಅಲ್ಲಗಳೆದವರಿಗೇ ಹೆಚ್ಚು ನಂಬಿಕೆ ಸಿಕ್ಕಿತು. ಇದನ್ನು ಓದಿ ಸುಳ್ಳಿಗೆ ದಾರಿ ಸಿಕ್ಕಿತೆಂದು ಯಾರೂ ತಿಳಿಯಬಾರದು. ಅದೇ ಅಧ್ಯಯನದಲ್ಲಿ, ತಪ್ಪು ಮಾಡಿದ್ದು ನಿಜವೆಂದು ಆಮೇಲೆ ಗೊತ್ತಾದಾಗ ಅಲ್ಲಗಳೆದವರಿಗಿಂತ ಕ್ಷಮೆ ಕೇಳಿದವರೇ ಮೇಲಾದರು. ಇದರಿಂದ ಹಿಡಿಯಬೇಕಾದ ಪಾಠ ಬೇರೆ. ಮಾಡದ ಮೋಸಕ್ಕೆ ಜಗಳ ಮುಗಿಯಲಿ ಎಂದು ಕ್ಷಮೆ ಕೇಳಬೇಡಿ. ‘ನನ್ನ ಲೆಕ್ಕ ತಪ್ಪಾಗಿತ್ತು, ಅದು ನನ್ನದೇ ತಪ್ಪು. ಬೇಕೆಂದು ಮರೆಮಾಚಿದೆ ಎಂಬುದು ಮಾತ್ರ ನಿಜವಲ್ಲ, ಆ ದಿನದ ಕಡತ ಇಲ್ಲಿದೆ’ ಎಂದು ಎರಡನ್ನೂ ಬಿಡಿಸಿ ಹೇಳಿ.

ಮಾತಿಗೆ ಕೂರುವುದು

40 ನಿಮಿಷ ಇಟ್ಟುಕೊಳ್ಳಿ, ಅದರ ಬೆನ್ನಿಗೇ ಇನ್ನೊಂದು ಸಭೆ ಬೇಡ. ಕರೆಯುವಾಗಲೇ ವಿಷಯ ಹೇಳಿ: ‘ಸೋಮವಾರದ ಸಭೆಯಲ್ಲಿ ಆದದ್ದರ ಬಗ್ಗೆ ಮಾತಾಡಬೇಕಿತ್ತು, ನನ್ನ ತಪ್ಪಿದೆ.’ ‘ಸ್ವಲ್ಪ ಮಾತಾಡೋದಿತ್ತು’ ಎಂದಷ್ಟೇ ಹೇಳಿದರೆ ಎದುರಿನವರು ರಾತ್ರಿಯಿಡೀ ಗುರಾಣಿ ಸಿದ್ಧಮಾಡಿಕೊಂಡು ಬರುತ್ತಾರೆ. ಚಾಟ್‌ನಲ್ಲಿ ಈ ಮಾತುಕತೆ ಬೇಡ. ದೂರದಲ್ಲಿದ್ದರೆ ವಿಡಿಯೋ ಕರೆ, ಅದೂ ಆಗದಿದ್ದರೆ ಫೋನ್. ದನಿಯಿಲ್ಲದ ಅಕ್ಷರಗಳನ್ನು ನೊಂದ ಮನಸ್ಸು ಅತ್ಯಂತ ಕೆಟ್ಟ ದನಿಯಲ್ಲಿ ಓದಿಕೊಳ್ಳುತ್ತದೆ.

ಮೊದಲ ಹದಿನೈದು ನಿಮಿಷ ಪೆಟ್ಟು ತಿಂದವರದ್ದು. ಅವರ ಮಾತಿನಲ್ಲಿ ಎರಡು ಸಂಗತಿ ತಪ್ಪಾಗಿದ್ದರೂ ನಡುವೆ ತಿದ್ದಬೇಡಿ, ಬರೆದಿಟ್ಟುಕೊಳ್ಳಿ. ಅವರು ಮುಗಿಸಿದ ಮೇಲೆ ನೀವು ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ‘ಇದು ಸರಿಯೇ? ಬಿಟ್ಟದ್ದೇನಾದರೂ ಇದೆಯೇ?’ ಎಂದು ಕೇಳಿ. ಅವರು ‘ಹೌದು, ಅಷ್ಟೇ’ ಎನ್ನುವವರೆಗೆ ನಿಮ್ಮ ಸರದಿ ಬಂದಿಲ್ಲ.

ಕ್ಷಮೆ ಕೇಳುವುದರಲ್ಲಿ ಆರು ಭಾಗಗಳಿವೆಯೆಂದು ಗುರುತಿಸಿ, ಯಾವುದು ಎಷ್ಟು ಕೆಲಸ ಮಾಡುತ್ತದೆಂದು ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು: ವಿಷಾದ, ಏನಾಯಿತೆಂಬ ವಿವರಣೆ, ಹೊಣೆ ಒಪ್ಪಿಕೊಳ್ಳುವುದು, ಮತ್ತೆ ಮಾಡೆನೆಂಬ ಪಶ್ಚಾತ್ತಾಪ, ಸರಿಪಡಿಸುವ ಪ್ರಸ್ತಾಪ, ಕ್ಷಮಿಸಿ ಎಂಬ ಕೋರಿಕೆ. ಎಲ್ಲಕ್ಕಿಂತ ತೂಕದ್ದು ಹೊಣೆ ಒಪ್ಪಿಕೊಳ್ಳುವುದು, ನಂತರ ಸರಿಪಡಿಸುವ ಪ್ರಸ್ತಾಪ. ತೀರಾ ಹಗುರವಾದದ್ದು ಕ್ಷಮಿಸಿ ಎಂಬ ಕೋರಿಕೆ. ನಾವು ಸಾಮಾನ್ಯವಾಗಿ ಅದರಿಂದಲೇ ಶುರು ಮಾಡಿ ಅಲ್ಲೇ ಮುಗಿಸುತ್ತೇವೆ. ‘ಕ್ಷಮಿಸಿ’ ಎಂದಾಗ ಕೆಲಸ ಎದುರಿನವರ ತಲೆಗೆ ದಾಟುತ್ತದೆ: ಅವರು ಕ್ಷಮಿಸಬೇಕು, ಇಲ್ಲವೇ ಕಲ್ಲುಮನಸ್ಸಿನವರಾಗಬೇಕು. ಆ ಕೋರಿಕೆಯನ್ನು ಬಿಟ್ಟೇಬಿಟ್ಟರೂ ನಷ್ಟವಿಲ್ಲ.

ಆಡಬಹುದಾದ ಮಾತು ಹೀಗಿರುತ್ತದೆ: ‘ಆ ಅಂಕಿಗಳು ನಿಮ್ಮವು ಎಂದು ನನಗೆ ಗೊತ್ತಿತ್ತು. ಸಭೆಯಲ್ಲಿ ಅದನ್ನು ಹೇಳಲಿಲ್ಲ. ಅದು ನನ್ನ ತಪ್ಪು. ನಿಮ್ಮ ಮೂರು ವಾರದ ಕೆಲಸ ಅಲ್ಲಿದ್ದವರ ಕಣ್ಣಿಗೆ ಬೀಳಲಿಲ್ಲ. ಸಭೆಯಲ್ಲಿದ್ದ ಎಲ್ಲರಿಗೂ ಇವತ್ತು ಸಂಜೆ ಬರೆದು ತಿಳಿಸುತ್ತೇನೆ, ಕರಡು ಇಲ್ಲಿದೆ, ನೋಡಿ ಹೇಳಿ.’ ಇದರಲ್ಲಿ ‘ಆದರೆ’ ಇಲ್ಲ. ‘ನಿಮಗೆ ನೋವಾಗಿದ್ದರೆ’ ಎಂಬ ‘ಆಗಿದ್ದರೆ’ ಇಲ್ಲ. ‘ತಪ್ಪಾಗಿಹೋಯಿತು’ ಎಂಬ ಕರ್ತೃವಿಲ್ಲದ ಕ್ರಿಯಾಪದವೂ ಇಲ್ಲ. ನಮ್ಮ ಭಾಷೆ ಹೀಗೆ ನುಣುಚಿಕೊಳ್ಳಲು ಬಹಳ ಅನುಕೂಲ ಮಾಡಿಕೊಡುತ್ತದೆ. ‘ಮಿಸ್ ಆಯ್ತು’, ‘ತಡವಾಯ್ತು’, ‘ಹೇಳೋಕಾಗಲಿಲ್ಲ’. ಆದ್ದರಿಂದ ವಾಕ್ಯಕ್ಕೆ ‘ನಾನು’ ಎಂಬ ಪದವನ್ನು ಬೇಕೆಂದೇ ಸೇರಿಸಬೇಕು.

ಹಾನಿ ಎಷ್ಟು ಜನರ ಎದುರು ಆಗಿದೆಯೋ ದುರಸ್ತಿಯೂ ಅಷ್ಟೇ ಜನರ ಎದುರು ಆಗಬೇಕು. ಹತ್ತು ಜನರ ಎದುರು ಹೀಯಾಳಿಸಿ ಕೋಣೆಯಲ್ಲಿ ಒಬ್ಬರೇ ಇದ್ದಾಗ ಕ್ಷಮೆ ಕೇಳಿದರೆ ಉಳಿದ ಒಂಬತ್ತು ಜನರ ತಲೆಯಲ್ಲಿ ಹಳೆಯ ಚಿತ್ರವೇ ನಿಲ್ಲುತ್ತದೆ. ಇಬ್ಬರ ನಡುವೆಯೇ ಆದದ್ದನ್ನು ಎಲ್ಲರ ಮುಂದೆ ತಂದರೆ ಮತ್ತೊಂದು ಗಾಯವಾಗುತ್ತದೆ, ಅದೂ ಬೇಡ.

ಎಂಟು ವಾರದ ದುರಸ್ತಿ

ಮಾತುಕತೆಯ ಕೊನೆಗೆ ದುರಸ್ತಿಯ ಕ್ರಮವನ್ನು ಅರ್ಧ ಪುಟದಲ್ಲಿ ಬರೆಯಿರಿ. ಮೂರು ಸಂಗತಿ ಸಾಕು: ನಾನು ಬದಲಿಸುವ ಒಂದೇ ಒಂದು ನಡೆ, ಅದು ಬದಲಾಗಿದೆಯೆಂದು ನಿಮಗೆ ಕಣ್ಣಾರೆ ಕಾಣುವ ಬಗೆ, ಮತ್ತೆ ಕೂರುವ ದಿನಾಂಕ. ‘ಇನ್ನು ಮುಂದೆ ಪಾರದರ್ಶಕವಾಗಿರುತ್ತೇನೆ’ ಎಂಬುದನ್ನು ಯಾರೂ ಅಳೆಯಲಾರರು. ‘ಪ್ರತಿ ಮಂಗಳವಾರ ಬೆಳಿಗ್ಗೆ 10ಕ್ಕೆ ಖರ್ಚಿನ ಪಟ್ಟಿ ಕಳಿಸುತ್ತೇನೆ’ ಎಂಬುದನ್ನು ಅಳೆಯಬಹುದು.

ಅವಧಿ ಎಂಟು ವಾರ ಇರಲಿ, ವಾರಕ್ಕೊಮ್ಮೆ ಬರುವ ಕೆಲಸವನ್ನೇ ಆರಿಸಿಕೊಳ್ಳಿ. ಮಾತು ಉಳಿಸಿಕೊಂಡದ್ದನ್ನು ಎದುರಿನವರು ಎಂಟು ಸಲ ನೋಡುತ್ತಾರೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಯೋಜನೆಯಲ್ಲಿ ಎಲ್ಲವನ್ನೂ ಸರಿಮಾಡಿ ತೋರಿಸುವೆನೆಂದು ಕಾಯುವವರು, ನಡುವಿನ ಹನ್ನೊಂದು ತಿಂಗಳು ಅನುಮಾನಕ್ಕೆ ಮೇವು ಹಾಕಿದಂತೆ. ಮೂರನೆಯ ಮತ್ತು ನಾಲ್ಕನೆಯ ವಾರ ಕಠಿಣ: ತಪ್ಪಿತಸ್ಥ ಭಾವನೆಯ ಬಿಸಿ ಆರಿರುತ್ತದೆ, ಎದುರಿನವರು ಇನ್ನೂ ಬಿಗಿಯಾಗಿಯೇ ಇರುತ್ತಾರೆ, ‘ಇಷ್ಟು ಮಾಡಿದರೂ ಸಾಲದೇ?’ ಎನಿಸುತ್ತದೆ. ಆ ವಾರಗಳಲ್ಲಿ ಒಂದು ಮಂಗಳವಾರ ತಪ್ಪಿದರೂ ಲೆಕ್ಕ ಮೊದಲಿಗೆ ಬರುತ್ತದೆ. ಅದಕ್ಕೇ ಒಪ್ಪಿಕೊಳ್ಳುವಾಗಲೇ ಸುಲಭದ ಕೆಲಸ ಒಪ್ಪಿಕೊಳ್ಳಿ.

ಮಾರಿಸ್ ಶ್ವೈಟ್ಜರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ ಕೊಡುವ ಮತ್ತು ಹಿಂದಿರುಗಿಸುವ ಆಟವನ್ನು ಸುತ್ತಿನ ಮೇಲೆ ಸುತ್ತು ಆಡಿಸಲಾಯಿತು. ನಂಬಿಕೆಗೆ ತಕ್ಕಂತೆ ನಡೆಯದೆ ಕಳೆದುಕೊಂಡದ್ದು, ಸತತವಾಗಿ ಸರಿಯಾಗಿ ನಡೆದುಕೊಂಡಾಗ ಮರಳಿ ಬಂತು. ‘ಇನ್ನು ಹೀಗೆ ಮಾಡೆ’ ಎಂಬ ಮಾತು ಕೊಟ್ಟಾಗ ಆರಂಭದ ಚೇತರಿಕೆ ಬೇಗ ಆಯಿತು. ಆದರೆ ಅದೇ ನಡೆಗೆ ಸುಳ್ಳೂ ಸೇರಿದ್ದಾಗ, ಮಾತು, ಕ್ಷಮೆ, ಸತತ ಒಳ್ಳೆಯ ನಡೆ ಎಲ್ಲ ಸೇರಿದರೂ ನಂಬಿಕೆ ಮೊದಲಿನ ಮಟ್ಟ ಮುಟ್ಟಲಿಲ್ಲ.

ಸುಳ್ಳಿನ ವಿಷಯದಲ್ಲಿ ಗುರಿಯನ್ನೇ ಬದಲಿಸಿಕೊಳ್ಳುವುದು ಒಳ್ಳೆಯದು ಎಂಬುದು ಈ ಲೇಖನದ ನಿಲುವು. ಮೊದಲಿನ ಆತ್ಮೀಯತೆ ಮರಳಲಿ ಎಂದು ಒತ್ತಾಯಿಸದೆ, ನಂಬಿಕೆ ಕಡಿಮೆ ಬೇಕಾಗುವಂತೆ ಕೆಲಸವನ್ನೇ ಮತ್ತೆ ಜೋಡಿಸಿ. ಹಣದ ವಿಷಯದಲ್ಲಿ ಎರಡು ಸಹಿ, ಎಲ್ಲರೂ ನೋಡಬಹುದಾದ ಒಂದೇ ಕಡತ, ಮೌಖಿಕ ಒಪ್ಪಂದಕ್ಕೆ ಅದೇ ದಿನ ಎರಡು ಸಾಲಿನ ಬರಹ. ಇವನ್ನು ಸುಳ್ಳು ಹೇಳಿದವರೇ ಮುಂದಿಟ್ಟರೆ ಅವಮಾನವೆನಿಸುವುದಿಲ್ಲ. ಜೊತೆಗೆ ಹೇಳಬೇಕಾದದ್ದು ಇನ್ನೇನಾದರೂ ಉಳಿದಿದ್ದರೆ ಮೊದಲ ದಿನವೇ ಹೇಳಿ ಮುಗಿಸಿ. ಕಂತು ಕಂತಾಗಿ ಹೊರಬರುವ ನಿಜ ಪ್ರತಿ ಸಲವೂ ಹೊಸ ಸುಳ್ಳಾಗಿ ಎಣಿಕೆಯಾಗುತ್ತದೆ, ಆರಂಭದ ತಪ್ಪಿಗಿಂತ ಅದೇ ಹೆಚ್ಚು ಸಂಬಂಧಗಳನ್ನು ಮುಗಿಸುತ್ತದೆ.

ಪೆಟ್ಟು ತಿಂದವರ ಪಾಲಿನ ಕೆಲಸ

ನೊಂದವರ ಮೇಲೆ ಹೊಣೆ ಹೊರಿಸುವುದು ಅನ್ಯಾಯವೆನಿಸಬಹುದು, ಆದರೂ ಅವರ ಕೈಯಲ್ಲಿ ಮಾತ್ರ ಇರುವ ಕೆಲವು ಸಂಗತಿಗಳಿವೆ. ಏನಾದರೆ ಸಾಕು ಎಂಬುದನ್ನು ಹೇಳುವುದು ಅದರಲ್ಲಿ ಮೊದಲನೆಯದು. ‘ನೀವೇ ಅರ್ಥಮಾಡಿಕೊಳ್ಳಿ’ ಎಂದರೆ ಎದುರಿನವರು ಕತ್ತಲಲ್ಲಿ ಕಲ್ಲೆಸೆಯುತ್ತಾರೆ. ಪರೀಕ್ಷೆಯ ಬಲೆ ಒಡ್ಡಬೇಡಿ. ಸುಳ್ಳು ಗುಟ್ಟೊಂದನ್ನು ಹೇಳಿ ಅದು ಹೊರಗೆ ಬರುತ್ತದೆಯೇ ಎಂದು ಕಾಯುವುದು ನಿಮ್ಮನ್ನೂ ಅದೇ ಸಾಲಿಗೆ ಸೇರಿಸುತ್ತದೆ. ನಂಬಿಕೆಯನ್ನು ಅಳತೆಮಾಡಿ ಕೊಡಿ: ಮೊದಲು ಕೆಟ್ಟರೂ ಅರ್ಧ ದಿನದಲ್ಲಿ ಸರಿಪಡಿಸಬಹುದಾದ ಕೆಲಸ, ಎರಡು ವಾರ ಸರಿಹೋದರೆ ಇನ್ನೊಂದಿಷ್ಟು.

ಕ್ಷಮಿಸುವುದೂ ನಂಬುವುದೂ ಎರಡು ಬೇರೆ ತೀರ್ಮಾನಗಳು. ಸಿಟ್ಟು ಬಿಟ್ಟವರು ಕೀಲಿಕೈ ಕೊಡಲೇಬೇಕೆಂದಿಲ್ಲ. ‘ಹಳೆಯದನ್ನು ಮರೆತಿದ್ದೇನೆ, ಆದರೆ ಹಣದ ಜವಾಬ್ದಾರಿಯನ್ನು ಈಗಲೇ ಒಪ್ಪಿಸಲಾರೆ’ ಎಂಬುದು ನೇರವಾದ, ಗೌರವದ ಮಾತು.

ಮುಖ್ಯಸ್ಥರಿಗೆ ಎರಡು ಮಾತು. ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಮಾತು ಕೊಡಬೇಡಿ, ಬಡ್ತಿ ಮತ್ತು ಸಂಬಳದ ವಿಷಯದಲ್ಲಂತೂ ಖಂಡಿತ. ‘ನಿಮ್ಮ ಹೆಸರನ್ನು ಕಾರಣಗಳೊಂದಿಗೆ ಮುಂದಿಡುತ್ತೇನೆ, ತೀರ್ಮಾನ ನನ್ನದಲ್ಲ, ಫಲಿತಾಂಶ ಏನೇ ಆದರೂ ಅದೇ ದಿನ ಹೇಳುತ್ತೇನೆ’ ಎಂಬಷ್ಟು ಸಾಕು. ಯಾರಾದರೂ ‘ಇದು ನಮ್ಮಿಬ್ಬರಲ್ಲೇ ಇರಲಿ’ ಎಂದು ಶುರು ಮಾಡಿದರೆ, ಕೇಳುವ ಮೊದಲೇ ತಡೆದು, ಯಾರಿಗಾದರೂ ಅಪಾಯವಿದ್ದರೆ ಅಥವಾ ನಿಯಮದ ಪ್ರಕಾರ ತಿಳಿಸಲೇಬೇಕಿದ್ದರೆ ಗುಟ್ಟು ಉಳಿಸಿಕೊಳ್ಳಲಾರೆ ಎಂದು ಹೇಳಿ. ಕೇಳಿದ ಮೇಲೆ ಹೇಳಿದರೆ ಮೋಸ ಮಾಡಿದಂತೆಯೇ.

ಈ ಕ್ರಮ ಸಲ್ಲದ ಕಡೆ

ಲೈಂಗಿಕ ಕಿರುಕುಳ, ಬೆದರಿಕೆ, ಜಾತಿ ಅಥವಾ ಧರ್ಮದ ಹೆಸರಿನಲ್ಲಿ ಅವಮಾನ, ಹಣದ ಕಳವು, ದೂರು ಕೊಟ್ಟವರ ಮೇಲೆ ಸೇಡು: ಇವುಗಳಲ್ಲಿ ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಿ ರಾಜಿ ಮಾಡಿಸುವುದು ತಪ್ಪು. ಅದು ನೊಂದವರನ್ನು ಮತ್ತೆ ಅದೇ ಕೈಗೆ ಒಪ್ಪಿಸಿದಂತೆ. ದಾಖಲೆ ಇಟ್ಟುಕೊಂಡು ಲಿಖಿತ ದೂರು ಕೊಡುವುದೇ ಅಲ್ಲಿನ ದಾರಿ: ದಿನಾಂಕ, ಸಮಯ, ಜಾಗ, ಆಡಿದ ಮಾತು, ಅಲ್ಲಿದ್ದವರು. ಒಂದೇ ಬಗೆಯ ತಪ್ಪು ಒಪ್ಪಿದ ದುರಸ್ತಿಯ ನಂತರ ಮೂರನೆಯ ಸಲ ನಡೆದರೂ ಈ ಮಾರ್ಗದರ್ಶಿಯ ಕೆಲಸ ಅಲ್ಲಿಗೆ ಮುಗಿಯಿತು. ಆಗ ಕೆಲಸ ಬದಲಿಸುವ, ತಂಡ ಬದಲಿಸುವ, ಇಲ್ಲವೇ ಹೊಣೆಯನ್ನು ಹಿಂದಕ್ಕೆ ಪಡೆಯುವ ಮಾತಾಗಬೇಕು.

ತಪಾಸಣೆಯನ್ನು ತೆಗೆಯುವುದು

ಎಂಟನೆಯ ವಾರದ ಕೊನೆಗೆ ಮೊದಲೇ ಗೊತ್ತುಮಾಡಿದ ದಿನ ಮತ್ತೆ ಕೂರಿ, ಇಪ್ಪತ್ತು ನಿಮಿಷ ಸಾಕು. ಅರ್ಧ ಪುಟದ ಬರಹವನ್ನು ಮುಂದಿಟ್ಟು ಯಾವುದು ನಡೆಯಿತು, ಯಾವುದು ತಪ್ಪಿತು ಎಂದು ಓದಿ. ನಡೆದಿದ್ದರೆ ಒಂದು ತಪಾಸಣೆಯನ್ನು ಅಂದೇ ತೆಗೆದುಹಾಕಿ. ಎಲ್ಲವನ್ನೂ ಒಟ್ಟಿಗೆ ತೆಗೆಯಬೇಡಿ, ಯಾವುದನ್ನೂ ತೆಗೆಯದೆ ಹಾಗೇ ಬಿಡಬೇಡಿ. ತಾತ್ಕಾಲಿಕವೆಂದು ತಂದ ಕಾವಲು ವರ್ಷಗಟ್ಟಲೆ ನಿಂತುಬಿಟ್ಟರೆ, ಸರಿಯಾಗಿ ನಡೆದುಕೊಂಡವರಿಗೆ ತಮ್ಮ ಮೇಲಿನ ತೀರ್ಪು ಬದಲಾಗುವುದೇ ಇಲ್ಲವೆಂಬುದು ಖಾತ್ರಿಯಾಗುತ್ತದೆ, ಶ್ರಮ ನಿಲ್ಲುವುದೂ ಅಲ್ಲಿಗೇ. ಯಾವುದನ್ನು ಮೊದಲು ತೆಗೆಯಬೇಕೆಂಬುದನ್ನು ಪೆಟ್ಟು ತಿಂದವರೇ ಆರಿಸಲಿ. ಅವರಿಗೆ ತೋಚದಿದ್ದರೆ ಮೇಲಧಿಕಾರಿಗೆ ಹೋಗುತ್ತಿರುವ ಇಮೇಲ್ ಪ್ರತಿಯಿಂದ ಶುರು ಮಾಡಬಹುದು. ಅದನ್ನು ನಿಲ್ಲಿಸಿದ್ದೇವೆಂದು ಇಬ್ಬರೂ ಒಂದು ಸಾಲು ಬರೆದು ಮೇಲಧಿಕಾರಿಗೂ ತಿಳಿಸಿಬಿಡಿ, ಇಲ್ಲದಿದ್ದರೆ ಪ್ರತಿ ಯಾಕೆ ಬರುತ್ತಿಲ್ಲ ಎಂದು ಅವರು ಕೇಳುತ್ತಾರೆ.